ಸರ್ಕಾರ ಬಂದರು, ಜಾಗ ಬಿಡಿ

ಜುಲೈ 4

ತಮ್ಮಾ,

ಕ್ಷೇಮ ವಿಚಾರಿಸುವ ತಾಳ್ಮೆ ಇವತ್ತು ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ, ನಾವಿಬ್ಬರೂ ಮಾತು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಫೋನ್ ಕುಕ್ಕುತ್ತೇವೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪತ್ರಿಕೆಯಲ್ಲಿ ಓದಿದೆ. ಶಾಲೆಯಲ್ಲಿ ಮಕ್ಕಳು ಮಕ್ಕಳನ್ನು ಕಾಡಿಸುವುದರ ವಿರುದ್ಧ ಸರ್ಕಾರ ಕಾನೂನು ತರುತ್ತದಂತೆ. ಕಾನೂನು ಇಲಾಖೆಯಲ್ಲಿ ಮಸೂದೆ ಸಿದ್ಧವಾಗುತ್ತಿದೆಯಂತೆ. ಆ ಇಲಾಖೆಯಲ್ಲಿ ಕೂತು ಮಸೂದೆ ಬರೆಯುವವನು ಯಾರು ಅಂತ ನನಗೆ ಗೊತ್ತಿಲ್ಲವೇ? ಒಂದು ಮಾತು ಹೇಳಲಿಲ್ಲ ನೀನು.

ತಲೆಗೂದಲು ಹಣ್ಣಾಗುವವರೆಗೆ ಪಾಠ ಮಾಡಿ ಹೆಡ್ ಮೇಡಂ ಆದವಳು ನಾನು. ಗಂಟೆ ಹೊಡೆಸುವುದರಿಂದ ಹಿಡಿದು ಕಕ್ಕಸಿನ ಚಿಲಕ ಸರಿಮಾಡಿಸುವವರೆಗೆ ಎಲ್ಲ ನನ್ನ ತಲೆಯ ಮೇಲೆ. ಇದರ ಜೊತೆಗೆ ಈಗ ಪೊಲೀಸರನ್ನೂ ತಂದು ಕೂರಿಸುತ್ತೀಯ? ಜಡೆ ಎಳೆದರೆ ಒಂದು ಕಲಮು, ಪೆನ್ಸಿಲ್ ಕಸಿದರೆ ಇನ್ನೊಂದು ಕಲಮು. ಮಕ್ಕಳು ಬೆಳಗ್ಗೆ ಕಿತ್ತಾಡಿ ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಉಣ್ಣುತ್ತವೆ. ನಡುವೆ ವಕೀಲರು ಬಂದರೆ ಮಧ್ಯಾಹ್ನದ ಊಟ ಹಾಳು, ಅಷ್ಟೆ. ಕಾನೂನಿನಿಂದ ಬರುವುದು ಹೆದರಿಕೆ. ಮರ್ಯಾದೆ ಕಲಿಸುವುದರಿಂದ ಬರುತ್ತದೆ.

ಸಾಕ್ಷಿ ಬೇಕಿದ್ದರೆ ನಿನ್ನ ಮಗಳೇ ಇದ್ದಾಳೆ. ಅವಳ ಅಮ್ಮ ತೀರಿಕೊಂಡ ಮೇಲೆ ನೀನು ಚುಕ್ಕಿಯನ್ನು ತಂದು ನನ್ನ ಮನೆಯಲ್ಲಿ ಬಿಟ್ಟಾಗ, ಹೊಸ ಶಾಲೆಯಲ್ಲಿ ಹೇಗೆ ಹೊಂದಿಕೊಳ್ಳುತ್ತಾಳೋ ಅಂತ ಒದ್ದಾಡಿದ್ದೆಯಲ್ಲ. ಈಗ ಕೇಳು. ಮೊದಲ ವಾರ ಒಬ್ಬಳು ಅವಳನ್ನು "ಏ ಹೊಸಬಳೇ, ಬಾರೇ ಇಲ್ಲಿ" ಅಂತ ಕೂಗಿದ್ದು ನನ್ನ ಕಿವಿಗೆ ಬಿತ್ತು. ನೇರ ಆರನೇ ತರಗತಿಗೆ ನುಗ್ಗಿದೆ. "ಇದೇನು ಬೀದಿಯಾ? ಮರ್ಯಾದೆ ಕೊಟ್ಟು ಮಾತಾಡೋದು ಕಲೀರಿ" ಅಂತ ಗದರಿದೆ. ಒಂದೇ ಸಲ. ಈಗ ಇಡೀ ತರಗತಿ ನಿನ್ನ ಮಗಳನ್ನು ಬಹುವಚನದಲ್ಲಿ ಮಾತಾಡಿಸುತ್ತದೆ. ಅಪ್ಪ ಸರ್ಕಾರಿ ನೌಕರ, ಅತ್ತೆ ಹೆಡ್ ಮೇಡಂ ಅಂತ ಒಂದು ಹೆಸರೂ ಇಟ್ಟಿದ್ದಾರೆ: ಸರ್ಕಾರ. ಅವಳು ಬಾಗಿಲಿಗೆ ಬಂದರೆ ಸಾಕು, "ಸರ್ಕಾರ ಬಂದರು, ಜಾಗ ಬಿಡಿ" ಅಂತ ಬೆಂಚಿನವರೆಲ್ಲ ಎದ್ದು ನಿಲ್ಲುತ್ತಾರೆ. ಕ್ಲಾಸ್ ಟೀಚರು ಇದನ್ನು ಹೇಳಿ ಹೇಳಿ ನಕ್ಕರು. ನನಗೇ ಸರಿಯಾಗಿ ಎದ್ದು ನಿಲ್ಲದ ಮಕ್ಕಳು ಅವಳಿಗೆ ನಿಲ್ಲುತ್ತವೆ.

ನನ್ನ ಶಾಲೆಯಲ್ಲಿ ಆಗಲೇ ಒಂದು ಸರ್ಕಾರ ಇದೆ, ಇನ್ನೊಂದು ಬೇಡ. ನಮ್ಮ ಮುಖ್ಯೋಪಾಧ್ಯಾಯರ ಸಂಘ ನಿನ್ನ ಮಸೂದೆಯನ್ನು ವಿರೋಧಿಸುತ್ತದೆ. ಸಂಘದ ಕಾರ್ಯದರ್ಶಿ ನಾನು, ಅದರ ಪರವಾಗಿ ಮಾತಾಡುವವಳೂ ನಾನೇ. ಎದುರಿಗೆ ಸಿಕ್ಕರೆ ತಮ್ಮ ಅಂತ ನೋಡುವುದಿಲ್ಲ, ಈಗಲೇ ಹೇಳಿದ್ದೇನೆ.

ನಿನ್ನ ಅಕ್ಕ


ಜುಲೈ 11

ಅಕ್ಕಾ,

ನಿನ್ನ ಕಾಗದ ಬಂತು. ಲಕೋಟೆ ಮುಟ್ಟಿದಾಗಲೇ ಬಿಸಿ ತಾಗಿತು.

ಮೊದಲೇ ಹೇಳುವ ಹಾಗಿರಲಿಲ್ಲ, ಕೆಲಸ ಅಂಥದ್ದು. ಜಡೆಗೂ ಪೆನ್ಸಿಲ್‌ಗೂ ನಾವು ಕಲಮು ಬರೆದಿಲ್ಲ. ಈ ಮಸೂದೆ ಹುಟ್ಟಿದ್ದು ಒಬ್ಬ ಸೈಕಲ್ ರಿಪೇರಿಯವರ ಅರ್ಜಿಯಿಂದ. ಅವರ ಮಗಳಿಗೆ ತರಗತಿಯವರು ದಿನಾ ಹಿಂದಿನಿಂದ ಬಂದು ಕಿವಿಗೆ ಬಾರಿಸುತ್ತಿದ್ದರು. ಯಾರು ಹೊಡೆದದ್ದು ಹೇಳು, ಅನ್ನುವ ಆಟ. ಈಗ ಆ ಕಿವಿ ಕೇಳುವುದಿಲ್ಲ. ಶಾಲೆಯವರು ಕೊಟ್ಟ ಉತ್ತರ ಒಂದೇ ಸಾಲು, ಮಕ್ಕಳು ತಮಾಷೆಗೆ ಮಾಡಿದ್ದು ಅಂತ. ಆ ಅಪ್ಪ ಹತ್ತದ ಕಚೇರಿಯ ಮೆಟ್ಟಿಲಿಲ್ಲ. ಎಲ್ಲ ಕಡೆ ಅಯ್ಯೋ ಪಾಪ ಅಂದರು. ಇದು ನನ್ನ ಜವಾಬ್ದಾರಿ ಅನ್ನಬೇಕಾದವರು ಒಬ್ಬರೂ ಇರಲಿಲ್ಲ. ಕಾನೂನು ಬೇಕಿರುವುದು ಅಷ್ಟಕ್ಕೇ ಅಕ್ಕ.

ನಮಗೆ ತಲೆನೋವಾಗಿರುವುದು ಪದ. ಇದನ್ನು ಏನಂತ ಕರೆಯುವುದು? ನಮ್ಮ ಅಧೀನ ಕಾರ್ಯದರ್ಶಿಗಳ ಬಗ್ಗೆ ಹಿಂದೆ ಹೇಳಿದ್ದೆನಲ್ಲ, ಅಲ್ಪವಿರಾಮ ಸಾಹೇಬರು, ಯಾವ ಕಡತ ಕೊಟ್ಟರೂ ಮೊದಲು ಒಂದು ಅಲ್ಪವಿರಾಮ ಕಿತ್ತುಹಾಕುವವರು. ಕೀಟಲೆ ಅಂತ ಬರೆದರೆ "ಕೀಟಲೆಗೆಲ್ಲ ಕಾನೂನೇನ್ರೀ, ಜನ ನಗ್ತಾರೆ" ಅಂದರು. ಕಿರುಕುಳ ಅಂದರೆ ಅದು ಆಫೀಸಿನದು, ಪೀಡೆ ಅಂದರೆ ದೆವ್ವದ್ದು. ಗೋಳು ಹೊಯ್ದುಕೊಳ್ಳುವುದು ಅಂತ ಬರೆದುಕೊಟ್ಟೆ. ಅದೇ ಸರಿಯಾದ ಮಾತು, ಅಲ್ಲವೇ? ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸದನದಲ್ಲಿ ಮಂತ್ರಿಗಳು ಇದನ್ನ ಗಟ್ಟಿಯಾಗಿ ಓದಬೇಕು ಕಣ್ರೀ." ಕೊನೆಗೆ ಪದ ಬಿಟ್ಟು ಲಕ್ಷಣ ಬರೆಯಲು ಕೂತೆವು. ಹೊಡೆಯುವುದು, ಬೈಯುವುದು, ವಸ್ತು ಕಸಿಯುವುದು, ಏಕವಚನದಲ್ಲಿ ಕರೆದು ಹೀಯಾಳಿಸುವುದು.

ಕೊನೆಯದು ನಿನ್ನ ಕಾಗದದಿಂದ ಹೊಳೆದದ್ದು. ಅಷ್ಟೇ ಅಲ್ಲ, ಯಾವ ಶಾಲೆ, ಯಾರ ಮಗಳು ಅಂತ ಹೇಳದೆ ಆ ಬೆಂಚಿನ ಕಥೆಯನ್ನು ಸಾಹೇಬರಿಗೆ ಹೇಳಿದೆ. ಕುಣಿದುಬಿಟ್ಟರು. ಈಗ ಹೊಸದೊಂದು ಕಲಮು ಸೇರಿದೆ: 'ವಿದ್ಯಾರ್ಥಿಗಳು ಪರಸ್ಪರ ಗೌರವಸೂಚಕ ಬಹುವಚನದಲ್ಲಿ ಸಂಬೋಧಿಸುವುದನ್ನು ಪ್ರತಿಯೊಂದು ಶಾಲೆಯೂ ರೂಢಿಸತಕ್ಕದ್ದು.' ಕಾನೂನನ್ನು ಬೈಯುತ್ತ ಬೈಯುತ್ತ ನೀನೇ ಒಂದು ಕಲಮು ಬರೆದುಕೊಟ್ಟೆ.

ಚುಕ್ಕಿಯ ಸುದ್ದಿ ಓದಿ ಮನಸ್ಸು ತುಂಬಿತು. ಭಾನುವಾರ ಫೋನಿನಲ್ಲಿ "ಏನು ಸರ್ಕಾರ, ಹೇಗಿದ್ದೀರಿ?" ಅಂತ ರೇಗಿಸಿದೆ. "ಅಪ್ಪಾ, ನೀನು ಲೇ ಅನ್ನು" ಅಂದಳು. "ಲೇ ಚುಕ್ಕಿ" ಅಂದೆ. "ಇನ್ನೊಂದ್ಸಲ" ಅಂದಳು. ಹಾಗೇ ಎಷ್ಟು ಸಲ ಅನ್ನಿಸಿದಳೋ, ಹುಚ್ಚು ಹುಡುಗಿ. ಪಕ್ಕದ ಕೋಣೆಯವರು ನಾನು ಯಾರ ಜೊತೆಗೋ ಜಗಳಕ್ಕೆ ನಿಂತಿದ್ದೇನೆ ಅಂದುಕೊಂಡರಂತೆ.

ನಿನ್ನ ತಮ್ಮ


ಜುಲೈ 20

ತಮ್ಮಾ,

ಬಹುವಚನದ ಕಲಮು ಓದಿದೆ. ಇಡೀ ಮಸೂದೆಯಲ್ಲಿ ತಲೆ ನೆಟ್ಟಗಿರುವುದು ಅದೊಂದಕ್ಕೇ. ಉಳಿದದ್ದನ್ನೆಲ್ಲ ಹೊಡೆದುಹಾಕಿ ಅದನ್ನೊಂದೇ ಇಟ್ಟುಕೊಳ್ಳಿ, ಸಂಘದವರನ್ನೆಲ್ಲ ಕರೆತಂದು ನಿನ್ನ ಅಲ್ಪವಿರಾಮ ಸಾಹೇಬರಿಗೆ ಚಪ್ಪಾಳೆ ಹೊಡೆಸುತ್ತೇನೆ. ಸೈಕಲ್ ರಿಪೇರಿಯವರ ಮಗಳ ಕಥೆ ಓದಿ ಹೊಟ್ಟೆ ಉರಿಯಿತು. ಆದರೆ ಅದು ಆ ಶಾಲೆಯ ಹೆಡ್ ಮಾಸ್ತರ ಕೈಲಾಗದತನ. ಒಬ್ಬ ಕೈಲಾಗದವನಿಗೋಸ್ಕರ ನಮ್ಮೆಲ್ಲರ ಕುತ್ತಿಗೆಗೆ ಹಗ್ಗವೇ?

ಚುಕ್ಕಿಗೆ ಹೊಸ ಕಾಯಿಲೆ ಬಂದಿದೆ, ಸೋಮವಾರದ ಹೊಟ್ಟೆನೋವು. ಭಾನುವಾರ ಸಂಜೆ ಶುರುವಾಗಿ ಶಾಲೆಯ ಗಂಟೆಯ ಹೊತ್ತಿಗೆ ಜೋರಾಗುತ್ತದೆ. ಡಾಕ್ಟರು ಒತ್ತಿ ನೋಡಿ ಏನೂ ಇಲ್ಲ ಅಂದರು. ಚಿಕ್ಕವನಿದ್ದಾಗ ಗಣಿತದ ಪರೀಕ್ಷೆ ಬಂದರೆ ನಿನಗೂ ಜ್ವರ ಬರುತ್ತಿತ್ತಲ್ಲ, ನಿನ್ನ ಮಗಳಲ್ಲವೇ ಅವಳು. ನನ್ನ ಹತ್ತಿರ ಆ ಆಟ ನಡೆಯುವುದಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ತರಗತಿಯ ಬಾಗಿಲಲ್ಲೇ ಬಿಡುತ್ತೇನೆ.

ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದು ನನ್ನ ಕೋಣೆಗೆ ಬಂದು "ಅತ್ತೆ, ಇಲ್ಲೇ ತಿನ್ಲಾ?" ಅನ್ನುತ್ತಾಳೆ. ಅತ್ತೆಯ ಮೇಲೆ ಅಷ್ಟು ಪ್ರೀತಿ. ನನಗೂ ಆಸೆಯೇ. ಆದರೆ ಹೆಡ್ ಮೇಡಂ ತಮ್ಮನ ಮಗಳನ್ನು ಕೊಂಡಾಟ ಮಾಡುತ್ತಾರೆ ಅನ್ನಿಸಿಕೊಳ್ಳಬಾರದಲ್ಲ. ವಾಪಸ್ ಕಳಿಸುತ್ತೇನೆ. ಮೊನ್ನೆ ನಮ್ಮ ಆಯಾ ಬಂದು ಮಗು ಹಾಗೆ, ಮಗು ಹೀಗೆ ಅಂತ ಏನೋ ಗೊಣಗಿದಳು. ನಿನ್ನ ಕೆಲಸ ನೋಡಿಕೋ ಅಂದೆ. ಎಲ್ಲರಿಗೂ ನನ್ನ ಶಾಲೆ ನಡೆಸುವ ಆಸೆ.

ನಿನ್ನ ಅಕ್ಕ


ಜುಲೈ 29

ಅಕ್ಕಾ,

ಈ ಕಾಗದ ಮಸೂದೆಯ ವಿಷಯಕ್ಕಲ್ಲ.

ಭಾನುವಾರ ಚುಕ್ಕಿಯನ್ನು ಗೆಳತಿಯರು ಯಾರು ಅಂತ ಕೇಳಿದೆ. ಆಯಾ ಅಂದಳು. ಆಮೇಲೆ? ಲೈಬ್ರರಿ ಬೆಕ್ಕು ಅಂದಳು. ತರಗತಿಯಲ್ಲಿ? "ತರಗತಿಯಲ್ಲಿ ಎಲ್ರೂ ತುಂಬಾ ಮರ್ಯಾದೆ ಕೊಡ್ತಾರಪ್ಪಾ" ಅಂದು, ಹೋಮ್‌ವರ್ಕ್ ಇದೆ ಅಂತ ಫೋನ್ ಇಟ್ಟಳು. ಅವಳ ದನಿ ನನಗೆ ಹಿಡಿಸಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತು. ಒಂದು ವಾಕ್ಯ ಕಂಡರೆ ಅದರ ಮುಂದಿನ ವಾಕ್ಯ ಎಲ್ಲಿ ಅಂತ ಹುಡುಕುವುದು. ದೂರು ಕೊಡಬಹುದು ಅಂತ ಬರೆದಿದ್ದರೆ, ಕೊಟ್ಟ ಮೇಲೆ ಏನು? ಬಾಗಿಲು ತೆರೆದಿರತಕ್ಕದ್ದು ಅಂತ ಬರೆದಿದ್ದರೆ, ಒಳಗೆ ಯಾರಿರುತ್ತಾರೆ? ನಿನ್ನ ಮೊದಲ ಕಾಗದವನ್ನು ಹಾಗೆ ಮತ್ತೆ ಓದಿದೆ. ಚುಕ್ಕಿ ಬಂದರೆ ಬೆಂಚಿನವರೆಲ್ಲ ಎದ್ದು ನಿಲ್ಲುತ್ತಾರೆ ಅಂತ ಬರೆದಿದ್ದೀಯ. ಅಲ್ಲಿಗೇ ನಿಲ್ಲಿಸಿದ್ದೀಯ.

ಎದ್ದವರು ಮತ್ತೆ ಕೂರುತ್ತಾರಾ ಅಕ್ಕ?

ನಿನ್ನ ತಮ್ಮ


ಆಗಸ್ಟ್ 14

ಅಕ್ಕಾ,

ಉತ್ತರ ಇಲ್ಲ. ಫೋನ್ ಮಾಡಿದರೆ ಚುಕ್ಕಿ ಮಲಗಿದ್ದಾಳೆ ಅನ್ನುತ್ತೀಯ, ನೀನು ಎತ್ತದಿದ್ದರೆ ಅದೂ ಇಲ್ಲ. ನನ್ನ ಪ್ರಶ್ನೆಯಿಂದ ನಿನಗೆ ಸಿಟ್ಟು ಬಂದಿದೆ ಅಂತ ಗೊತ್ತು. ಬರಲಿ. ಪ್ರಶ್ನೆಯನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಸದನ ಸಮಿತಿ ಸಾರ್ವಜನಿಕರ ಅಹವಾಲು ಕೇಳುವ ದಿನ ನಿಗದಿಯಾಗಿದೆ, ಸೆಪ್ಟೆಂಬರ್ ಐದು. ವಿರೋಧಿಸಿ ಮಾತಾಡುವವರಲ್ಲಿ ನಿನ್ನ ಹೆಸರೇ ಮೊದಲು. ನಾನು ಇಲಾಖೆಯ ಕಡೆ ಕೂತಿರುತ್ತೇನೆ, ಬಾಯಿ ಬಿಡುವ ಹಾಗಿಲ್ಲ. ಬಹುವಚನದ ಕಲಮು ಮಂತ್ರಿಗಳಿಗೆ ತುಂಬ ಹಿಡಿಸಿದೆಯಂತೆ.

ಒಂದೇ ಒಂದು ಸಾಲು ಬರೆ. ಕೂರುತ್ತಾರೆ ಅಥವಾ ಕೂರುವುದಿಲ್ಲ.

ತಮ್ಮ


ಆಗಸ್ಟ್ 18

ತಮ್ಮಾ,

ಕೂರುವುದಿಲ್ಲ.

ನಿನ್ನ ಕಾಗದ ಓದಿ ಮೈ ಉರಿಯಿತು. ನನ್ನ ಶಾಲೆಯ ಬಗ್ಗೆ ನೀನು ಅಲ್ಲಿ ಕೂತು ಸಂಶಯಪಡುತ್ತೀಯ ಅಂತ ಕಾಗದವನ್ನು ಮಡಚಿ ಮೇಜಿನ ಕುಂಟು ಕಾಲಿನ ಕೆಳಗಿಟ್ಟೆ. ಆದರೆ ಆ ಪ್ರಶ್ನೆ ಅಲ್ಲಿಂದಲೂ ಚುಚ್ಚಿತು. ಒಂದು ದಿನ ಊಟದ ಗಂಟೆಗೆ ಮುಂಚೆ ಹೋಗಿ, ಅವಳ ತರಗತಿಯ ಹಿಂದಿನ ಕಿಟಕಿಯ ಹತ್ತಿರ, ನೀರಿನ ತೊಟ್ಟಿಯ ಪಕ್ಕ ನಿಂತೆ.

ಚುಕ್ಕಿ ಕೈ ತೊಳೆದು ಒಳಗೆ ಬಂದಳು. "ಸರ್ಕಾರ ಬಂದರು, ಜಾಗ ಬಿಡಿ." ಬೆಂಚಿನವರು ಎದ್ದರು. ಡಬ್ಬಿ ತೆಗೆದುಕೊಂಡು ಹಿಂದಿನ ಬೆಂಚಿಗೆ ಹೋಗಿ, ಅಲ್ಲಿದ್ದವರ ತೊಡೆ ಒತ್ತಿಕೊಂಡು ಇರುಕಿ ಕೂತರು. ಆ ಉದ್ದನೆಯ ಬೆಂಚಿನಲ್ಲಿ ಇವಳೊಬ್ಬಳು. ಡಬ್ಬಿ ತೆರೆದು ಬೆಂಚಿನ ನಟ್ಟನಡುವೆ ಇಟ್ಟಳು, ಯಾರಾದರೂ ಕೈ ಹಾಕಲಿ ಅಂತ. "ನೀವು ಊಟ ಮಾಡಿ ಸರ್ಕಾರ, ನಾವೆಲ್ಲ ಆಮೇಲೆ" ಅಂತ ಒಬ್ಬಳು ಕೈ ಮುಗಿದಳು. ಎಲ್ಲರೂ ನಕ್ಕರು. ಇವಳೂ ನಕ್ಕಳು. ಆಮೇಲೆ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ತಿಂದಳು.

ಯಾರೂ ಹೊಡೆಯಲಿಲ್ಲ ತಮ್ಮಾ. ಯಾರೂ ಬೈಯಲಿಲ್ಲ. ನಿನ್ನ ಮಸೂದೆಯ ಲಕ್ಷಣಗಳಲ್ಲಿ ಒಂದೂ ಅಲ್ಲಿರಲಿಲ್ಲ. ಇಷ್ಟು ನಯವಾಗಿ ಒಂದು ಮಗುವಿನ ಜೀವ ಹಿಂಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಕೇಳಿದೆ. ಮೊದಲು ಏನಿಲ್ಲ ಅಂದಳು. ಆಮೇಲೆ, "ಅವರು ನನ್ನ ಏನೂ ಅನ್ನಲ್ಲ ಅತ್ತೆ. ಏನೂ ಅನ್ನಲ್ಲ" ಅಂದಳು. ಯಾಕೆ ಹೇಳಲಿಲ್ಲ ಅಂದೆ. "ಹೇಳಿದ್ರೆ ನೀವು ಬೈತೀರಿ. ಬೈದ್ರೆ ಇನ್ನೂ ಜಾಸ್ತಿ ಮರ್ಯಾದೆ ಕೊಡ್ತಾರೆ." ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಇದನ್ನು ಶುರು ಮಾಡಿಸಿದವಳು ನಾನು. ಮರ್ಯಾದೆ ಕೊಡಿ ಅಂದೆ, ಕೊಟ್ಟರು. ಮರುದಿನ ಆ ಹುಡುಗಿಯನ್ನು ಕರೆಸಿದೆ, ಮೊದಲ ವಾರ "ಬಾರೇ ಇಲ್ಲಿ" ಅಂದು ನನ್ನ ಕೈಲಿ ಬೈಸಿಕೊಂಡವಳು. ಉದ್ದ ಜಡೆಯವಳು. ಈಗ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವಳೂ ಅವಳೇ. ಬೈಯಲಿಲ್ಲ, ಅವತ್ತು ಚುಕ್ಕಿಯನ್ನು ಯಾಕೆ ಕರೆದೆ ಅಂತ ಮಾತ್ರ ಕೇಳಿದೆ.

"ನನ್ನ ಪಕ್ಕ ಜಾಗ ಇತ್ತು ಮೇಡಂ" ಅಂದಳು.

ಅವಳು ಕರೆದದ್ದು ಕೂರಿಸಿಕೊಳ್ಳಲು. ಆ ಜಾಗವನ್ನು ಕಿತ್ತುಹಾಕಿದವಳು ನಾನು. ನಮ್ಮ ಆಯಾ ಬಂದು ಹೇಳಿದಾಗಲಾದರೂ ಕೇಳಬೇಕಿತ್ತು. ಕ್ಲಾಸ್ ಟೀಚರು ನಕ್ಕಾಗ, ಹೊಟ್ಟೆನೋವು ಅಂದಾಗ, ಇಲ್ಲೇ ತಿನ್ನಲಾ ಅಂದಾಗ. ಎಷ್ಟು ಸಲ ಬಾಗಿಲು ತಟ್ಟಿದಳು ನೋಡು. ಸೈಕಲ್ ರಿಪೇರಿಯವರ ಊರಿನ ಆ ಹೆಡ್ ಮಾಸ್ತರನ್ನು ಕೈಲಾಗದವನು ಅಂತ ಬರೆದಿದ್ದೆ. ಅವನಿಗೂ ನನಗೂ ಏನು ವ್ಯತ್ಯಾಸ?

ನೀನು ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ ಅಂದರೆ ತಡೆಯುವುದಿಲ್ಲ. ಬೈದರೂ ಕೇಳಿಸಿಕೊಳ್ಳುತ್ತೇನೆ. ಆದರೆ ಮೊದಲು ಆ ಬಹುವಚನದ ಕಲಮನ್ನು ಕಿತ್ತುಹಾಕು. ಇಲ್ಲಿ ಒಂದು ತರಗತಿಯಲ್ಲಿ ಆದದ್ದು ಇಡೀ ನಾಡಿನಲ್ಲಿ ಕಡ್ಡಾಯವಾಗುತ್ತದೆ.

ಅಹವಾಲಿಗೆ ನಾನು ಬರುತ್ತೇನೆ. ಸಂಘದವರು ಬರೆದುಕೊಟ್ಟ ಭಾಷಣವನ್ನು ಓದುವುದಿಲ್ಲ ಅಂತ ಅವರಿಗೆ ಇವತ್ತೇ ಹೇಳಿದ್ದೇನೆ.

ಅಕ್ಕ


ಆಗಸ್ಟ್ 25

ಅಕ್ಕಾ,

ಇದನ್ನು ಬರೆದು ಹರಿದು, ಬರೆದು ಹರಿದು ಈಗ ಕಳಿಸುತ್ತಿದ್ದೇನೆ. ಹರಿದುಹಾಕಿದ್ದರಲ್ಲಿ ನಿನ್ನನ್ನು ಚೆನ್ನಾಗಿ ಬೈದಿದ್ದೆ. ಅದರಲ್ಲಿ ನನ್ನನ್ನು ಬೈದುಕೊಂಡದ್ದೂ ಇತ್ತು. ಏನು ಸರ್ಕಾರ, ಹೇಗಿದ್ದೀರಿ ಅಂತ ಕೇಳಿದವನು ನಾನೂ ಅಲ್ಲವೇ? ಇಡೀ ದಿನ ಆ ಮಾತು ಕೇಳಿ ಬಂದ ಮಗು ಅಪ್ಪನ ಬಾಯಲ್ಲೂ ಅದನ್ನೇ ಕೇಳಿತು.

ಕರೆದುಕೊಂಡು ಬರುವುದೆಂದೇ ತೀರ್ಮಾನಿಸಿದ್ದೆ. ರಜೆಯ ಚೀಟಿಯನ್ನೂ ಕೊಟ್ಟೆ. ಚುಕ್ಕಿಗೆ ಹೇಳಿದೆ. ಅವಳು ಯೋಚಿಸಿ, "ಬೇಡಪ್ಪಾ. ಈಗ ಬಂದ್ಬಿಟ್ರೆ ಸರ್ಕಾರ ಬಿದ್ದೋಯ್ತು ಅಂತಾರೆ" ಅಂದಳು. ನನಗೆ ನಗು ಬಂತು, ಅಳುವೂ ಬಂತು. "ಹಾಗಾದ್ರೆ ಏನ್ ಮಾಡ್ತೀಯೇ?" ಅಂದೆ. "ಅಲ್ಲೇ ಕೂತಿರ್ತೀನಿ. ಬೆಂಚು ನಂದೂ ಅಲ್ವಾ?" ಅಂದಳು. ನಾವಿಬ್ಬರೂ ಅವಳಷ್ಟು ಗಟ್ಟಿ ಇಲ್ಲ ಅಕ್ಕ. ರಜೆಯ ಚೀಟಿ ವಾಪಸ್ ತೆಗೆದುಕೊಂಡೆ. ಆದರೆ ಅವಳು ಇನ್ನು ಒಂದು ಸಲ ಬರುತ್ತೇನೆ ಅಂದರೂ ಸಾಕು, ಮರುದಿನ ಅಲ್ಲಿರುತ್ತೇನೆ.

ಕಲಮಿನ ಕಥೆ ಕೇಳು. ಸಾಹೇಬರ ಮುಂದೆ ಹೋಗಿ ಅದನ್ನು ತೆಗೆಯಬೇಕು ಅಂದೆ. "ಯಾಕ್ರೀ? ಮಂತ್ರಿಗಳು ಮೆಚ್ಚಿದಾರೆ. ಮರ್ಯಾದೆ ಕೊಟ್ರೆ ಯಾರಿಗಾದ್ರೂ ನೋವಾಗತ್ತೇನ್ರೀ?" ಅಂದರು. ಆ ಮಗು ನನ್ನ ಮಗಳು ಅಂತ ಹೇಳಿದೆ, ನಿನ್ನ ಕಾಗದದ ಬೆಂಚನ್ನು ಹೇಳಿದೆ. ಪಾಪ ಅನ್ನಿಸಿತು ಅವರಿಗೆ, ಆದರೂ ಕಲಮು ಬಿಡಲು ಮನಸ್ಸಿಲ್ಲ. ಆಗ ಬಾಯಿ ತಪ್ಪಿ ಅಂದುಬಿಟ್ಟೆ. "ಸರ್, ನೀವು ಊಟದ ಕೋಣೆಗೆ ಬಂದ್ರೆ ನಾವೆಲ್ಲ ಎದ್ದು ನಿಲ್ತಿದ್ವಿ. ಆಮೇಲೆ ಒಬ್ಬೊಬ್ಬರೇ ಡಬ್ಬಿ ಮುಚ್ಚಿ ಹೊರಟು ಹೋಗ್ತಿದ್ವಿ. ನೀವು ಅಲ್ಲಿಗೆ ಬರೋದು ಬಿಟ್ಟಿದ್ದು ಯಾಕೆ ಸರ್?"

ಕೆಲಸ ಹೋಯಿತು ಅಂದುಕೊಂಡೆ. ಸಾಹೇಬರು ಪೆನ್ನಿನ ಮುಚ್ಚಳವನ್ನು ಹಾಕಿದರು, ತೆಗೆದರು. ಕಡತ ಎಳೆದುಕೊಂಡು ಆ ಕಲಮಿನ ಮೇಲೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ಕಾರಣ ಬರೆಯಬೇಕಲ್ಲ, ಅನಗತ್ಯ ಅಂತ ಬರೆಯುತ್ತಾರೆ ಅಂದುಕೊಂಡೆ. ಅಪಾಯಕಾರಿ ಅಂತ ಬರೆದರು. ಮಂತ್ರಿಗಳಿಗೆ ತಾವೇ ಹೇಳುತ್ತಾರಂತೆ.

ಲಕ್ಷಣವನ್ನೂ ಹೊಸದಾಗಿ ಬರೆದಿದ್ದೇವೆ: 'ಮಾತಿನಿಂದಾಗಲಿ ಮೌನದಿಂದಾಗಲಿ, ಅವಮಾನದಿಂದಾಗಲಿ ಹುಸಿ ಗೌರವದಿಂದಾಗಲಿ, ಒಂದು ಮಗುವನ್ನು ಉಳಿದ ಮಕ್ಕಳಿಂದ ಪದೇ ಪದೇ ಬೇರ್ಪಡಿಸಿ ನೋಯಿಸುವುದು.' ಅಭ್ಯಾಸಬಲ ನೋಡು, ಅದರಲ್ಲೂ ಒಂದು ಅಲ್ಪವಿರಾಮ ಕಿತ್ತರು.

ಐದನೇ ತಾರೀಕು ಬಾ. ನಾನು ನಿನ್ನ ಗುರುತಿಲ್ಲದವನ ಹಾಗೆ ಕೂತಿರುತ್ತೇನೆ. ತಪ್ಪು ತಿಳಿಯಬೇಡ.

ತಮ್ಮ


ಸೆಪ್ಟೆಂಬರ್ 6

ಅಕ್ಕಾ,

ನಿನ್ನ ಬಸ್ಸು ಊರು ಮುಟ್ಟುವ ಮೊದಲೇ ಈ ಕಾಗದ ಶುರು ಮಾಡಿದ್ದೇನೆ. ನಿನ್ನೆ ಮಾತಾಡಿಸಲು ಆಗಲಿಲ್ಲವಲ್ಲ. ಮೆಟ್ಟಿಲ ಹತ್ತಿರ ನೀನು ನನ್ನ ಪಕ್ಕದಲ್ಲೇ ಹಾದು ಹೋಗುವಾಗ "ಕಾಲರ್ ಸರಿಮಾಡ್ಕೊ" ಅಂತ ಗೊಣಗಿದ್ದು ಮಾತ್ರ ಕೇಳಿಸಿತು.

ನಾನು ಸಭೆಯ ನಡಾವಳಿ ಬರೆದುಕೊಳ್ಳಬೇಕಿತ್ತು. ನಿನ್ನ ಮಾತಿನಲ್ಲಿ ಕೆಲವು ಕಡೆ ಕೈ ನಿಂತುಹೋಯಿತು. "ವಿರೋಧಿಸೋಕೆ ಹೆಸರು ಕೊಟ್ಟೋಳು ನಾನು. ಈಗಲೂ ಅರ್ಧ ವಿರೋಧಿಸ್ತೀನಿ. ಮಕ್ಕಳಿಗೆ ಶಿಕ್ಷೆ ಅಂತ ಇರೋ ಭಾಗ ತೆಗೆದುಹಾಕಿ, ಮಕ್ಕಳನ್ನ ಠಾಣೆ ಮೆಟ್ಟಿಲು ಹತ್ತಿಸಬೇಡಿ. ಕಾನೂನು ನನ್ನ ಮೇಲೆ ಹಾಕಿ. ನಮ್ಮ ಆಯಾ ಬಂದು ಹೇಳಿದ್ರು, ನಾನು ಅವರನ್ನ ಕಳಿಸಿಬಿಟ್ಟು ಟೀ ಕುಡಿದೆ. ಯಾಕೆ ವಿಚಾರಿಸಲಿಲ್ಲ ಅಂತ ನನ್ನ ಕೇಳೋರು ಯಾರೂ ಇರಲಿಲ್ಲ. ಇನ್ಮೇಲೆ ಕೇಳಬೇಕು" ಅಂದೆ. ನಿನ್ನ ಹಿಂದೆ ಕೂತಿದ್ದ ಸಂಘದವರ ಮುಖ ನೀನು ನೋಡಲಿಲ್ಲ. ನಾನು ನೋಡಿದೆ.

ಆಗ ಸಮಿತಿಯ ಆ ಹಿರಿಯ ಸದಸ್ಯರು ನಕ್ಕು, "ಅಲ್ಲಮ್ಮಾ, ನಮ್ಮ ಕಾಲದಲ್ಲಿ ನಾವೆಲ್ಲ ಇದನ್ನ ತಿಂದ್ಕೊಂಡೇ ಬೆಳೆದದ್ದು" ಅಂದರು. ಎಲ್ಲರೂ ನಕ್ಕರು. ನೀನು ನಗು ನಿಲ್ಲುವವರೆಗೆ ಕಾದೆ. "ಬೆಳೆದಿರಿ ಸರ್. ಬೆಳೀದೇ ಇದ್ದೋರು ಇಲ್ಲಿಗೆ ಬಂದು ಹೇಳಲ್ಲ" ಅಂದೆ. ಅದನ್ನು ಒಂದಕ್ಷರ ಬಿಡದೆ ನಡಾವಳಿಯಲ್ಲಿ ಸೇರಿಸಿದ್ದೇನೆ. ಸೈಕಲ್ ರಿಪೇರಿಯವರು ಕೊನೆಯ ಸಾಲಿನಲ್ಲಿದ್ದರು, ಎದ್ದು ನಿಂತು ಮತ್ತೆ ಕೂತರು.

ಮಸೂದೆ ಇನ್ನೂ ಪಾಸಾಗಿಲ್ಲ, ಆಗುತ್ತದೆ ಅಂತ ಮಾತು ಕೊಡಲಾರೆ. ಶಿಕ್ಷೆಯ ಭಾಗ ತೆಗೆದು, ದೂರು ಕಿವಿಗೆ ಬಿದ್ದ ಮೇಲೆ ವಿಚಾರಿಸದ ಮುಖ್ಯಸ್ಥರೇ ಹೊಣೆ ಅಂತ ಹೊಸ ಕಲಮು ಬರೆಯಲು ಸಮಿತಿ ಹೇಳಿದೆ. ಮುಂದಿನ ಅಧಿವೇಶನದ ಹೊತ್ತಿಗೆ ಬರೆದು ಮುಗಿಸುತ್ತೇನೆ. ಅದು ಬಿದ್ದರೆ ಇನ್ನೊಂದು ಬರೆಯುತ್ತೇನೆ.

ಸಂಘದವರು ಏನೆಂದರು? ಅದಕ್ಕಿಂತ ಮೊದಲು, ಬೆಂಚಿನ ಸುದ್ದಿ ಬರೆ.

ನಿನ್ನ ತಮ್ಮ


ಸೆಪ್ಟೆಂಬರ್ 19

ತಮ್ಮಾ,

ಸಂಘದವರು ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಿದರು. ಸಭೆಗೆ ಹೋದರೆ ಎಲ್ಲರೂ "ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ" ಅಂತ ಬಹಳ ಮರ್ಯಾದೆ ಕೊಟ್ಟು ದೂರ ಕೂತರು. ಚುಕ್ಕಿಯ ಸ್ಥಿತಿ ಹೇಗಿತ್ತು ಅಂತ ಈಗ ಮೈಗೆ ತಾಗಿತು. ನಾನೂ ಅವಳ ಹಾಗೆ ಅಲ್ಲೇ ಕೂತಿದ್ದೆ. ಮುಂದಿನ ಸಭೆಗೂ ಹೋಗುತ್ತೇನೆ.

ಬೆಂಚಿನ ಸುದ್ದಿ. ಊರಿಗೆ ಬಂದ ಮರುದಿನ ತರಗತಿಗೆ ಹೋಗಿ ನಿಂತೆ. ಮಕ್ಕಳು ಎದ್ದರು. ಕೂರಿ ಅಂದೆ. "ಮರ್ಯಾದೆ ಕೊಟ್ಟು ಮಾತಾಡಿ ಅಂತ ಅವತ್ತು ಗದರಿದ್ದು ನನ್ನ ತಪ್ಪು. ಅದನ್ನ ವಾಪಸ್ ತಗೊಂಡಿದ್ದೀನಿ. ಒಬ್ಬಳನ್ನ ಬೆಂಚಲ್ಲಿ ಒಂಟಿ ಮಾಡೋದು ಏಟು ಕೊಟ್ಟ ಹಾಗೇ ನೋಯತ್ತೆ. ಅದು ಇನ್ಮೇಲೆ ಈ ಶಾಲೇಲಿ ಆದ್ರೆ ನಾನು ಮೊದಲು ಕೇಳೋದು ನಿಮ್ಮನ್ನಲ್ಲ, ನಿಮ್ಮ ಟೀಚರನ್ನ, ಆಮೇಲೆ ನನ್ನನ್ನ" ಅಂದೆ. ಯಾರ ಪಕ್ಕ ಯಾರು ಕೂರಬೇಕು ಅಂತ ಹೇಳಲಿಲ್ಲ. ಅಪ್ಪಣೆ ಮಾಡಿ ಆದದ್ದು ಸಾಕು. ಉದ್ದ ಜಡೆಯವಳ ಹತ್ತಿರ ಹೋಗಿ, ಎಲ್ಲರ ಎದುರಿಗೇ, ಅವತ್ತು ನಿನ್ನನ್ನು ಬೈಯಬಾರದಿತ್ತು ಅಂದೆ.

ಕಥೆ ಅಲ್ಲಿಗೇ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡ. ಹತ್ತು ಹನ್ನೆರಡು ದಿನ ಯಾರೂ ಸರ್ಕಾರ ಅನ್ನಲಿಲ್ಲ, ಬೇರೆ ಏನೂ ಅನ್ನಲಿಲ್ಲ. ಚುಕ್ಕಿ ಒಬ್ಬಳೇ ಕೂತಳು. ಡಬ್ಬಿ ಹಿಡಿದು ನನ್ನ ಕೋಣೆಗೆ ಬಂದರೆ ಈ ಸಲ ಬಾ ಅನ್ನಲು ತಯಾರಾಗಿದ್ದೆ. ಬರಲಿಲ್ಲ. ಬೆಂಚಿನಲ್ಲೇ ತಿಂದಳು. ನಮ್ಮ ಆಯಾ ಈಗ ದಿನಾ ಸಂಜೆ ಬಂದು ವರದಿ ಕೊಡುತ್ತಾರೆ. ನಾನು ಕುರ್ಚಿ ಕೊಟ್ಟು ಕೇಳುತ್ತೇನೆ.

ಇವತ್ತು ಅವರು ಬಂದು, "ಮೇಡಂ, ಆರನೇ ತರಗತಿಲಿ ಜಗಳ" ಅಂದರು. ಓಡಿಹೋಗಲಿಲ್ಲ, ಮೆಟ್ಟಿಲ ಹತ್ತಿರವೇ ನಿಂತು ಕೇಳಿಸಿಕೊಂಡೆ. ಉದ್ದ ಜಡೆಯವಳ ದನಿ ಇಡೀ ಶಾಲೆಗೆ ಕೇಳುವಂತಿತ್ತು. "ಲೇ, ಸರಿಯೇ ಆಚೆ. ನಿನ್ನ ಮೊಣಕೈ ನನ್ನ ಪುಸ್ತಕದ ಮೇಲೇ ಇದೆ."

ಸಂಜೆ ಮನೆಗೆ ಬಂದ ಚುಕ್ಕಿ ಚಪ್ಪಲಿಯನ್ನೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅತ್ತೆ, ಅವಳು ನನಗೆ ಲೇ ಅಂದ್ಲು" ಅಂದಳು.

ನಿನ್ನ ಹೊಸ ಕಲಮು ನೆನಪಿಗೆ ಬಂತು. ದೂರು ಕಿವಿಗೆ ಬಿದ್ದ ಮೇಲೆ ವಿಚಾರಿಸಲೇಬೇಕಲ್ಲ. ಒಲೆ ಆರಿಸಿ, ಅವಳ ಎದುರಿಗೆ ಕೂತು ಕೇಳಿದೆ. "ವಿಚಾರಣೆ ಮಾಡ್ಬೇಕಾ?"

"ಬೇಡ ಅತ್ತೆ" ಅಂದಳು. "ನಾನೂ ಹೋಗೇ ಅಂದೆ."

ನಿನ್ನ ಅಕ್ಕ